ವ್ಯಾನಿನ ನೆತ್ತಿಯ ಮೇಲೆ

ಕಾರವಾರದಿಂದ ನರ್ಸಾಗಿ ಹೊನ್ನಾಳಿಗೆ ಬಂದವಳು ಇಲ್ಲೇ ಮುದುಕಿಯಾದೆ. ಎಂಬತ್ತರ ದಶಕದಲ್ಲಿ ನಮ್ಮ ಸಂಚಾರಿ ಆಸ್ಪತ್ರೆಗೊಂದು ವ್ಯಾನಿತ್ತು. ಅದರ ಮೇಲ್ಛಾವಣಿಯ ಕಿಂಡಿಯ ಸುತ್ತ ರಬ್ಬರ್ ಪಟ್ಟಿ ಹಿಡಿದಿದ್ದ, ತೂತಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಗುಂಡಿಗಳು ಬಿಸಿಲಿಗೆ ಒಡೆದು, ಮಳೆನೀರು ಒಳಗಿನ ಹಾಸಿಗೆಯ ಮೇಲೇ ಸೋರುತ್ತಿತ್ತು. ಅಂದು ಗೋವಿನಕೋವಿಯಿಂದ ತುಂಬು ಬಸುರಿಯೊಬ್ಬಳನ್ನು ಕರೆತರಬೇಕಿತ್ತು. ಮೋಡ ಕವಿದಿತ್ತು.

ನ್ಯಾಮತಿಯಲ್ಲಿ ವ್ಯಾನು ನಿಲ್ಲಿಸಿ, ಡ್ರೈವರ್ ಬಸಣ್ಣ ಮೇಲೆ ಹತ್ತಿ ಹೊಸ ಗುಂಡಿಗಳನ್ನು ಸುತ್ತಿಗೆಯಿಂದ ಬಡಿದ. ಬಡಿದದ್ದೆಲ್ಲ ಒಡೆಯಿತು. ಇಳಿ, ನಾನು ಹತ್ತುತ್ತೇನೆ ಎಂದೆ.

"ಬ್ಯಾಡ್ರಿ ಸಿಸ್ಟ್ರೇ. ಗಾಡಿ ಅಂದ್ರೆ ಲಕ್ಷ್ಮಿ. ಅದರ ನೆತ್ತಿ ಮ್ಯಾಲೆ ಹೆಣ್ಮಕ್ಕಳು ಕಾಲಿಡಬಾರದು. ನಿಮ್ಮ ಕಾರವಾರದಾಗೆ ಹೆಂಗೈತೋ."

"ಲಕ್ಷ್ಮಿ ನೆತ್ತಿ ಮೇಲೆ ಗಂಡಸು ನಿಲ್ಲಬಹುದೇನು ಬಸಣ್ಣ?"

ಅವನು ಸುತ್ತಿಗೆ ಹಿಡಿದು ಇಳಿದ. ನಾನು ಸೀರೆ ಎತ್ತಿ ಕಟ್ಟಿ ಹತ್ತಿದೆ. ಬಿಗಿಯಾದ ಬಳೆ ಏರಿಸಲು ಬಳೆಗಾರರು ಕೈಗೆ ಸೋಪು ಸವರುತ್ತಾರಲ್ಲ, ಹಾಗೆ ಗುಂಡಿಗಳಿಗೆ ಸೋಪು ಸವರಿ ಹೆಬ್ಬೆರಳಿನಿಂದ ಒತ್ತಿದೆ. ಒಂದೊಂದೂ ಟಕ್ಕೆಂದು ಕೂತಿತು. ಕೆಳಗೆ ಜನ ಸೇರಿದ್ದರು. ನೋಡಲಿ ಎಂದು ನಿಧಾನವಾಗಿಯೇ ಮುಗಿಸಿದೆ. ಜೋರು ಮಳೆಯಲ್ಲೂ ಬಸುರಿ ನೆನೆಯದೆ ಹೊನ್ನಾಳಿ ಸೇರಿದಳು.

ಆಯುಧಪೂಜೆಯ ದಿನ ಬಸಣ್ಣ ಚೆಂಡುಹೂವಿನ ಹಾರ ಹಿಡಿದು ಬಂದ.

"ಮ್ಯಾಲೆ ಕಟ್ಟಾಕೆ ನೀವೇ ಹತ್ರಿ ಸಿಸ್ಟ್ರೇ. ನಂಗೆ ಮೊಣಕಾಲು ನೋವೈತೆ."

"ಲಕ್ಷ್ಮಿ ಸುಮ್ಮನಿರ್ತಾಳಾ?"

"ಆಕೆಗೆ ರೂಢಿ ಆಗೈತ್ರಿ."

ಹತ್ತಿ ಕಟ್ಟಿದೆ. ಚಪ್ಪಲಿ ಮಾತ್ರ ಕೆಳಗೇ ಬಿಟ್ಟಿದ್ದೆ. ಅದು ಲಕ್ಷ್ಮಿಯ ಮರ್ಯಾದೆಗೆ, ಬಸಣ್ಣನ ಮಾತಿಗಲ್ಲ.