ರೇಮಂಡನ ಕಡಲು, ನನ್ನ ತಾಮ್ರದ ಕೊಡ

ಮಹಾಜನಗಳೇ... ಬಂಧುಗಳೇ...
ಮುಂದಿನ ಚಾಪೆಯವರೇ, ಹಿಂದೆ ಬೇಲಿಗೊರಗಿ ನಿಂತವರೇ, ಮೊಬೈಲ್ ಹಿಡಿದು ಕೂತವರೇ...
ನಾಟಕ ಶುರುವಾಗುವ ಮೊದಲು ಒಂದು ಗಳಿಗೆ ಸದ್ದು ನಿಲ್ಲಿಸಿ.

ನಮ್ಮ ರೇಮಂಡ ಹೋದನಂತೆ.

ಮಧ್ಯಾಹ್ನ ಅವನ ಹೆಂಡತಿ ಸಿಸಿಲಿಯಾಬಾಯಿ ಫೋನ್ ಮಾಡಿದಾಗ "ಯಾವ ರೇಮಂಡ?" ಎಂದು ಕೇಳಿಬಿಟ್ಟೆ...
ನಲವತ್ತು ವರ್ಷಕ್ಕೂ ಮೀರಿದ ಗೆಳೆಯನನ್ನು!
ಈಗಲೂ ನಂಬಿಕೆ ಬರುತ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಎಂಬತ್ತರ ದಶಕದ ಆರಂಭ. ಮಣಿಪಾಲದ ಒಂದು ಕಾಲೇಜಿನಲ್ಲಿ ನಾನು ಕ್ಲರ್ಕ್. ಅವನು ಜೀವಶಾಸ್ತ್ರದ ಲ್ಯಾಬ್ ಅಟೆಂಡರ್.
ಸಂಜೆಯಾದರೆ ನಾನು ಉಡುಪಿಯ ನಾಟಕಗಳಲ್ಲಿ ರಾಜ.
ಅವನು...? ಕಡಲ ಪಾಚಿಯ ತೋಟಗಾರ!

ಹೌದು. ಊರವರೆಲ್ಲ ಅಕ್ವೇರಿಯಂನಲ್ಲಿ ಬಣ್ಣದ ಮೀನು ಸಾಕಿದರೆ, ಇವನು ಗಾಜಿನ ತೊಟ್ಟಿಗೆ ಕಡಲ ನೀರು ತುಂಬಿಸಿ ಕಾಪುವಿನ ಬಂಡೆಗಳ ಪಾಚಿ ಬೆಳೆಸಿದ.
ಹಸಿರು ರಿಬ್ಬನ್ನಿನಂಥದ್ದು... ಕೆಂಪು ಕೂದಲಿನಂಥದ್ದು...
ಎರಡೇ ಎರಡು ಪುಟ್ಟ ಮೀನು. ಅವೂ ಪಾಚಿಗೆ ಗೊಬ್ಬರ ಹಾಕಲಿಕ್ಕೆ!

"ಎಂತ ಮಾರಾಯ ಇದು? ತಿನ್ನಲಿಕ್ಕುಂಟಾ?" ಎಂದು ಕೇಳಿದ್ದೆ.
"ನೋಡಲಿಕ್ಕುಂಟು ಮಹಾರಾಜರೇ. ನಿಮ್ಮ ನಾಟಕದ ಹಾಗೆ. ಆದರೆ ಇದು ಬೊಬ್ಬೆ ಹೊಡೆಯುವುದಿಲ್ಲ."

ರೇಮಂಡಾ... ನೆನಪುಂಟಾ?
ಪಾಚಿಯನ್ನು ನೀನು ಕಿತ್ತು ತಂದವನಲ್ಲ. ಅಂಟಿಕೊಂಡ ಕಲ್ಲಿನ ಸಮೇತ ತರುತ್ತಿದ್ದೆ.
ಮಳೆಗಾಲದಲ್ಲಿ ಹೊಳೆಯ ನೀರು ಸೇರಿ ಕಡಲು ಸಪ್ಪೆಯಾಗುತ್ತದೆಂದು ಮೇ ತಿಂಗಳಲ್ಲೇ ಕ್ಯಾನುಗಳಲ್ಲಿ ನೀರು ತುಂಬಿಸಿಡುತ್ತಿದ್ದೆ.
ಕಾಪು ಬಸ್ಸಿನ ಕಂಡಕ್ಟರ್ ಬೈಯುತ್ತಿದ್ದ, "ಕಡಲನ್ನೇ ಬಸ್ಸಿಗೆ ಹತ್ತಿಸ್ತೀರಲ್ಲ ಮಾರಾಯ್ರೆ!"
ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ಕರೆಂಟ್ ಹೋದರೆ ಚೊಂಬಿನಲ್ಲಿ ನೀರೆತ್ತಿ ಎತ್ತಿ ಸುರಿಯಬೇಕು. ಬಿಳುಚಿದ ತುದಿಯನ್ನು ಕತ್ತರಿಸಬೇಕು, ಇಲ್ಲದಿದ್ದರೆ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ...
ನಮ್ಮ ಮೇಕಪ್ ಪೆಟ್ಟಿಗೆಯಿಂದ ಉಗುರುಬಣ್ಣ ಎಗರಿಸಿ ಗಾಜಿನ ಮೇಲೆ ಕೆಂಪು ಗೆರೆ ಎಳೆದವನು ನೀನು.
"ನೀರು ಆರಿ ಹೋಗ್ತದೆ, ಉಪ್ಪು ಹೋಗುವುದಿಲ್ಲ. ಗೆರೆಯಿಂದ ಕೆಳಗಿಳಿದರೆ ಬಾವಿ ನೀರೇ ಹಾಕಬೇಕು."

ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು... ಕಾಲೇಜಿನ ವಸ್ತುಪ್ರದರ್ಶನದವರೆಗೆ ಪಾಚಿ ಬದುಕಿದರೆ ಲ್ಯಾಬಿನ ಪೂರ್ವದ ಕಿಟಕಿ ನಿನಗೆ, ಶಾಶ್ವತವಾಗಿ. ಸತ್ತರೆ ತೊಟ್ಟಿ ಹೊರಗೆ.

ಅಷ್ಟರಲ್ಲಿ ಕಾರ್ಕಳದಲ್ಲಿ ನಿನ್ನ ಅಪ್ಪ ಬಿದ್ದು ಕಾಲು ಮುರಿದುಕೊಂಡರು.
ನೀನು ಹೊರಟೆ. ತೊಟ್ಟಿ ನನ್ನ ಕೈಗೆ ಬಂತು.
"ವಾರಕ್ಕೊಮ್ಮೆ ಒಂದು ಬಾಲ್ದಿ ಕಡಲ ನೀರು ಬದಲಿಸು. ಕಬ್ಬಿಣದ ಬಾಲ್ದಿ ಮುಟ್ಟಿಸಬೇಡ, ತುಕ್ಕು ಬಿಡ್ತದೆ."

ಸಭಿಕರೇ, ಈಗ ಕೇಳಿ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಕಡಲ ನೀರಿನ ಕ್ಯಾನ್ ಒಡೆಯಿತು.
ಉಳಿದ ನೀರನ್ನು ಉಳಿಸಬೇಕಿತ್ತು. ಕಬ್ಬಿಣ ಬೇಡ ಅಂದಿದ್ದನಲ್ಲ... ಅಮ್ಮನ ತಾಮ್ರದ ಕೊಡ ತಂದೆ!
ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಕಿರೀಟದ ಹಾಗೆ ಹೊಳೆಯಿಸಿದೆ. ಕಡಲ ನೀರೆಂದರೆ ತೀರ್ಥ, ತೀರ್ಥಕ್ಕೆ ತಾಮ್ರಕ್ಕಿಂತ ಶುದ್ಧ ಯಾವುದು?
ನೀರು ತುಂಬಿಸಿ ತೊಟ್ಟಿಯ ಪಕ್ಕದ ಮೇಜಿನ ಮೇಲೆ ವಾರವಿಡೀ ಇಟ್ಟು, ಆ ನೀರನ್ನು ಹಾಕಿದೆ.

ನಾಲ್ಕನೇ ದಿನ ಹಸಿರು ರಿಬ್ಬನ್ ಬೆಂದ ಸೊಪ್ಪಿನಂತೆ ಕೆಳಗೆ ಬಿತ್ತು.
ಕೆಂಪು ಕೂದಲು ನರೆಯಿತು.
ಉಪ್ಪುನೀರು ತಾಮ್ರವನ್ನು ಕರಗಿಸುತ್ತದೆ, ತಾಮ್ರ ಪಾಚಿಗೆ ವಿಷ... ಅದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಯಾರೋ ಮೇಷ್ಟ್ರು ಬೇರೇನೋ ಮಾತಾಡುವಾಗ.
ಆವತ್ತು ನೀನು ಬಂದು ನೋಡಿದೆ. ನಾನು ಕೊಡವನ್ನು ಮನೆಗೆ ಸಾಗಿಸಿಯಾಗಿತ್ತು.
"ಬಿಸಿಲು ಸಾಲಲಿಲ್ಲ ಕಾಣ್ತದೆ, ನನ್ನದೇ ತಪ್ಪು" ಎಂದು ನೀನು ಪ್ರಿನ್ಸಿಪಾಲರಿಗೆ ಹೇಳಿದೆ.
ಐನೂರು ಜನರ ಎದುರು ಗರ್ಜಿಸುವ ಈ ಗಂಟಲಿಗೆ "ನಾನು" ಎಂಬ ಒಂದು ಪದ ಬರಲಿಲ್ಲ...
ಕಿಟಕಿ ಹೋಯಿತು. ತೊಟ್ಟಿ ಅಲೆವೂರಿನ ನಿನ್ನ ಮನೆಗೆ ಹೋಯಿತು. ಅಲ್ಲಿ ನೀನು ಮತ್ತೆ ಪಾಚಿ ಬೆಳೆಸಿದೆ.

ಹೋದ ತಿಂಗಳು ನಾನು ನಿನ್ನನ್ನು ನೋಡಲು ಬಂದಿದ್ದೆ. ಮಲಗಿದಲ್ಲಿಂದಲೇ ತೊಟ್ಟಿಯನ್ನು ನೋಡುತ್ತಿದ್ದೆ ನೀನು. ನೀನೇ ಕೇಳಿದೆ,
"ಆ ತಾಮ್ರದ ಕೊಡ ಇನ್ನೂ ಉಂಟಾ?"

"ನಿನಗೆ... ಗೊತ್ತಿತ್ತಾ?"
"ಲ್ಯಾಬಿನ ಮೇಜಿನ ಮೇಲೆ ತಾಮ್ರದ ಕಿಲುಬಿನ ಹಸಿರು ಉಂಗುರ ಇತ್ತಲ್ಲ. ಕೊಡದ ಬುಡದಷ್ಟೇ ದೊಡ್ಡದು."
"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಮಾರಾಯ?"
"ನೀನು ಅಳ್ತಾ ಇದ್ದಿಯಲ್ಲ. ಸ್ಟೇಜಿನ ಮೇಲೆ ಸಹ ನೀನು ಅಷ್ಟು ಚಂದ ಅತ್ತದ್ದು ನಾನು ಕಂಡಿರಲಿಲ್ಲ."

ನಗು... ಕೆಮ್ಮು... ಮತ್ತೆ ನಗು.

ನಾನು ಆಗಲೂ ಕ್ಷಮೆ ಕೇಳಲಿಲ್ಲ ರೇಮಂಡಾ. ಇನ್ನೊಂದು ಸಲ ಬಂದಾಗ ಕೇಳೋಣ ಎಂದುಕೊಂಡೆ...
ಇಷ್ಟು ಜನರ ಎದುರು ಈಗ ಕೇಳುತ್ತಿದ್ದೇನೆ. ಕೊಂದವನು ನಾನು. ಬಿಸಿಲಲ್ಲ.

ಫೋನಿನ ಕೊನೆಗೆ ಸಿಸಿಲಿಯಾಬಾಯಿ ಹೇಳಿದರು,
"ಶೀನಣ್ಣ, ಮೂರು ದಿನದಿಂದ ಆಸ್ಪತ್ರೆಯಲ್ಲೇ ಇದ್ದೆವು. ತೊಟ್ಟಿಯ ನೀರು ಗೆರೆಯಿಂದ ಕೆಳಗೆ ಹೋಗಿದೆ. ನನಗೆ ಮುಟ್ಟಲಿಕ್ಕೆ ಹೆದರಿಕೆ. ನಿಮ್ಮನ್ನೇ ಕರೆಯಬೇಕು ಅಂತ ಇವರು ಮೊದಲೇ ಹೇಳಿಟ್ಟಿದ್ದರು."

ನನ್ನನ್ನೇ... ಕೇಳಿದಿರಾ? ನನ್ನನ್ನೇ!

ಹೋಗಿ ಬಾ ಗೆಳೆಯಾ... ನಿನ್ನ ಆತ್ಮಕ್ಕೆ ತಿಳಿನೀರಿನಂಥ ನೆಮ್ಮದಿ ಸಿಗಲಿ, ಬೆಳಗಿನ ಬಿಸಿಲಿನ ಕಿಟಕಿ ಸಿಗಲಿ.

ನಾಳೆ ಬೆಳಿಗ್ಗೆ ಇಗರ್ಜಿಯಲ್ಲಿ ನಿನ್ನ ಅಂತಿಮ ಪೂಜೆಯ ಗಂಟೆ ಹೊಡೆಯುವ ಮೊದಲೇ ಅಲೆವೂರಿಗೆ ಬರುತ್ತೇನೆ. ನಿನ್ನ ಬಾವಿಯ ನೀರು ಸೇದಿ, ಪ್ಲಾಸ್ಟಿಕ್ ಚೊಂಬಿನಲ್ಲಿ, ಕೆಂಪು ಗೆರೆಯ ತನಕ ತುಂಬಿಸುತ್ತೇನೆ.