ಪಿನ್ನಿಗಾರು ಆರಿಸಿದ ಸಿನಿಮಾ

ಎದುರಿನ ಮನೆಯವರು ಪಾರಿವಾಳದ ಕಾಟ ತಡೆಯಲಾರದೆ ಬಾಲ್ಕನಿಯ ಕಂಬಿಗೆ ಹಳೆಯ ಸಿ.ಡಿ.ಗಳನ್ನು ದಾರ ಕಟ್ಟಿ ತೂಗುಬಿಟ್ಟಿದ್ದಾರೆ. ಬೆಳಗಿನ ಬಿಸಿಲು ಅವುಗಳ ಮೇಲೆ ಬಿದ್ದರೆ ನಮ್ಮ ದೇವರ ಮನೆಯ ಗೋಡೆಯ ಮೇಲೆ ಬಣ್ಣದ ಬೆಳಕಿನ ಬಿಲ್ಲೆಗಳು ಓಡಾಡುತ್ತವೆ. ಮೊನ್ನೆ ದೀಪ ಹಚ್ಚಿ ಕೂತಾಗ ಅಂಥದೊಂದು ಬಿಲ್ಲೆ ರಾಯರ ಪಟದ ಮೇಲೆ ಬಂದು ನಿಂತಿತು. ಸ್ತೋತ್ರ ಹೇಳುತ್ತಿದ್ದ ಬಾಯಿ ಹಾಗೇ ನಿಂತುಹೋಯಿತು. ಪೆಂಡುರ್ತಿಯ ಆ ಮನೆ, ಮಧ್ಯಾಹ್ನದ ಹೊತ್ತು, ಪರದೆ ಎಳೆದ ಕಿಟಕಿ, ಡಿಸ್ಕಿನ ಬೆನ್ನನ್ನು ಸೆರಗಿನಿಂದ ಒರೆಸುತ್ತ ಕೂತ ಪಿನ್ನಿಗಾರು...

ಆಗ ನನಗೆ ಮದುವೆಯಾದ ಹೊಸತು. ದಾವಣಗೆರೆ ಬಿಟ್ಟು ಬೇರೆ ಊರು ಕಂಡವಳಲ್ಲ. ಯಜಮಾನರಿಗೆ ವಿಶಾಖಪಟ್ಟಣದ ಔಷಧ ಕಾರ್ಖಾನೆಯಲ್ಲಿ ಕೆಲಸ, ಅದೂ ಶಿಫ್ಟಿನದು; ಊರಂಚಿನ ಪೆಂಡುರ್ತಿಯಲ್ಲಿ ಬಾಡಿಗೆ ಮನೆ. ಅವರು ಹೊರಟ ಮೇಲೆ ಮನೆಯಲ್ಲಿ ನಾನು, ನನ್ನ ದೇವರು, ಬಾಗಿಲಿನ ಚಿಲಕ. ಹಾಲಿನವನು ಬೆಲ್ ಒತ್ತಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ತೆಲುಗಿನಲ್ಲಿ ಏನೋ ಕೇಳಿದರೆ ನಾನು ಪಾತ್ರೆ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. ಮಹಡಿಯ ಮೇಲೆ ಮನೆಯ ಒಡತಿ ಇದ್ದದ್ದು, ಅವರಿಗೆ ಕನ್ನಡ ಬರುತ್ತಿದ್ದದ್ದು ದೇವರು ಇಟ್ಟ ದಯೆ. ಅವರ ತಾಯಿ ಬಳ್ಳಾರಿ ಕಡೆಯವರಂತೆ. ತೆಲುಗಿನ ನೀರು ಧಾರಾಳವಾಗಿ ಬೆರೆತ ಕನ್ನಡ ಅವರದು. ಪಿನ್ನಿಗಾರು ಅಂದರೆ ಚಿಕ್ಕಮ್ಮನವರು. ಬೀದಿಗೆಲ್ಲ ಅವರು ಪಿನ್ನಿಗಾರೇ, ನನಗೂ ಹಾಗೇ ಆದರು. ಅವರ ಗಂಡ ಹಡಗಿನಲ್ಲಿ ಇಂಜಿನಿಯರು, ವರ್ಷದ ಹೆಚ್ಚು ಪಾಲು ನೀರಿನ ಮೇಲೆ. ಮಕ್ಕಳಿರಲಿಲ್ಲ.

ಪಿನ್ನಿಗಾರಿಗೆ ಒಂದು ಹುಚ್ಚಿತ್ತು. ಆ ಇಂಗ್ಲಿಷ್ ಗೂಢಚಾರನ ಸಿನಿಮಾಗಳು. ವರ್ಷಗಟ್ಟಲೆ ಬರುತ್ತಲೇ ಇವೆಯಲ್ಲ, ನಟ ಬದಲಾದರೂ ಹೆಸರು ಬದಲಾಗದೆ, ಅವು. ಮದುವೆಯಾದಾಗಿನಿಂದ ಗಂಡ ಊರಿಗೆ ಬಂದಾಗಲೆಲ್ಲ ಅವುಗಳಿಗೇ ಕರೆದೊಯ್ಯುತ್ತಿದ್ದರಂತೆ. ಗಂಡ ಇಲ್ಲದಾಗ ಬೀದಿ ಕೊನೆಯ ಅಂಗಡಿಯಿಂದ ತೆಲುಗಿಗೆ ಡಬ್ ಆದ ವಿ.ಸಿ.ಡಿ. ತಂದು ನೋಡುವುದು. ಒಬ್ಬರೇ ನೋಡಲು ಬೇಸರ ಅಂತ ನನ್ನನ್ನು ಕರೆದರು.

"ಗುಂಡು ಹೊಡೆಯೋದು, ಹೆಣ ಬೀಳೋದು... ನನಗೆ ಬ್ಯಾಡ್ರಿ," ಅಂದೆ.

"ಕೆಳಗೆ ಒಬ್ಬಳೇ ಕೂತು ಏನ್ ಮಾಡ್ತೀಯಾ ಅಮ್ಮಾಯಿ? ಚಿಲಕಕ್ಕೆ ಕಾವಲಾ? ಬಾ ಪೈಕಿ, ಮೇಲಕ್ಕೆ. ಹೂ ಕಟ್ಟುತಾ ನೋಡು, ಪಾಪ ಬರೋದಿಲ್ಲ."

ಹಾಗೆ ಹೂ ಕಟ್ಟುತ್ತ ನೋಡಲು ಕೂತವಳು ನಾನು. ಪಿನ್ನಿಗಾರು ಆ ನಾಯಕನನ್ನು 'ಅಲ್ಲುಡುಗಾರು' ಅನ್ನುತ್ತಿದ್ದರು, ಅಳಿಯಂದಿರು ಅಂತ. "ನೋಡು, ಇಸ್ತ್ರಿ ಮುರಿಯದ ಕೋಟು. ಎಲ್ಲಿ ಹೋದ್ರೂ ಕೂಡಿಸಿ ಕುಡಿಯೋಕೆ ಕೊಡ್ತಾರೆ. ಒಂದು ಲೋಟ ಎತ್ತಿಡಲ್ಲ. ಮನೆಯೆಲ್ಲ ಒಡೆದು ಹಾಕಿ ಹೋಗ್ತಾನೆ. ಅಳಿಯ ಅಲ್ದೆ ಮತ್ತೇನು?" ಅವನು ಯಾರನ್ನಾದರೂ ತಬ್ಬಿಕೊಂಡ ಕೂಡಲೇ ರಿಮೋಟ್ ಒತ್ತಿ ಮುಂದಕ್ಕೋಡಿಸಿ, "ಅಲ್ಲೇನೂ ಇಲ್ಲ, ಬರೀ ಮಾತು," ಅನ್ನುವರು. ಮಾತೇ ಇಲ್ಲದ್ದನ್ನು ನಾನೂ ಕಂಡಿರುತ್ತಿದ್ದೆ.

ಅಂಗಡಿಯಲ್ಲಿದ್ದವೆಲ್ಲ ಮುಗಿದ ಮೇಲೆ ಒಂದು ಪಂಥ ಹುಟ್ಟಿತು. ಇಬ್ಬರೂ ಒಂದೊಂದನ್ನು ಆರಿಸಬೇಕು. "ಮೂವತ್ತಮೂರು ಕೋಟಿ ದೇವರಿದ್ರೂ ಇಷ್ಟದೈವ ಒಂದೇ ಕದಾ? ಹಂಗೆ," ಅಂದರು. ನಾನು ಆರಿಸಲಾರದೆ ನಾಳೆ ನಾಳೆ ಅನ್ನುತ್ತಿದ್ದೆ. ಅವರು ಮಾತ್ರ ಯೋಚಿಸಲೇ ಇಲ್ಲ. ಅವರದು ನೀರಿನ ಕೋಣೆಯ ಸಿನಿಮಾ.

ವಿ.ಸಿ.ಡಿ. ಕಾಲದಲ್ಲಿ ಒಂದು ಸಿನಿಮಾ ಎಂದರೆ ಎರಡು ಡಿಸ್ಕು. ಮೊದಲನೆಯದು ಮುಗಿಯುವ ಹೊತ್ತಿಗೆ ಅವನನ್ನು ಕಬ್ಬಿಣದ ಕೋಣೆಯಲ್ಲಿ ಕಟ್ಟಿಹಾಕಿ ನೀರು ಬಿಟ್ಟಿರುತ್ತಾರೆ. ಮೊಣಕಾಲು, ಸೊಂಟ, ಗಂಟಲು. ನೀರು ಗಲ್ಲಕ್ಕೆ ಬರುತ್ತದೆ, ಅವನು ಕಣ್ಣು ಮುಚ್ಚುತ್ತಾನೆ, ಪರದೆ ನೀಲಿಯಾಗುತ್ತದೆ. ಪಿನ್ನಿಗಾರು ಎದ್ದು ಡಿಸ್ಕು ಬದಲಿಸುವವರೆಗೆ ನಾನು ಸೆರಗು ಕಚ್ಚಿಕೊಂಡಿದ್ದೆ. ಎರಡನೆಯದು ಹಾಕಿದರೆ ಸಮುದ್ರದ ದಂಡೆ, ಹಾಲಿನಂಥ ಬಿಸಿಲು, ಅವನು ಬಿಳಿ ಅಂಗಿ ತೊಟ್ಟು ಆರಾಮಾಗಿ ನಡೆದು ಬರುತ್ತಿದ್ದಾನೆ!

"ಅಯ್ಯೋ, ಹೊರಗೆ ಹೆಂಗ್ ಬಂದ್ನ್ರೀ?"

"ಹೆಂಗೋ ಬಂದ. ನಮಗ್ಯಾಕೆ? ಬಂದ ಕದಾ!"

ಮೊದಲ ಡಿಸ್ಕಿನ ಖಳ ಎರಡನೆಯದರಲ್ಲಿ ಕಾಣಲೇ ಇಲ್ಲ. "ಹೆದರಿ ಊರು ಬಿಟ್ಟಿರಬೇಕು," ಅಂದರು ಪಿನ್ನಿಗಾರು. ಜೊತೆಗಿದ್ದ ಹುಡುಗಿಯೂ ಇಲ್ಲ. "ಅವಳಿಗೆ ಸಂಬಂಧ ಕುದುರಿರುತ್ತೆ ಬಿಡು." ನಮಗೆ ಸಂಶಯ ಬರಲಿಲ್ಲ. ನಾಯಕನ ಮುಖವೇ ಬದಲಾಗುವ ಸಾಲಿನಲ್ಲಿ ಉಳಿದವರ ಲೆಕ್ಕ ಯಾರು ಕೇಳುತ್ತಾರೆ?

ಆ ವರ್ಷವೇ ಪಿನ್ನಿಗಾರಿಗೆ ಮಹಡಿ ಹತ್ತಿದರೆ ಏದುಸಿರು ಬರತೊಡಗಿತು. ಪಾದ ಊದಿದವು. ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಬದಲಿಸಬೇಕು, ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದರು. ಅವರಕ್ಕನ ಮನೆ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರ; ಆಸ್ಪತ್ರೆಯೂ ಅಲ್ಲೇ ಎಂದಾಯಿತು. ಗಂಡನ ಹಡಗು ಎಲ್ಲೋ ದೂರದಲ್ಲಿತ್ತು, ದಡ ಸೇರುವವರೆಗೆ ಬರುವಂತಿರಲಿಲ್ಲ. ಜೊತೆಗೆ ನಾನು ಹೋದೆ. ಯಜಮಾನರು ಒಂದು ಮಾತೂ ಆಡದೆ ಕಳಿಸಿದರು, ಅದೂ ದೇವರ ದಯೆಯೇ.

ರೈಲಿನಲ್ಲಿ ಪಿನ್ನಿಗಾರು ನನ್ನ ಕೈ ಹಿಡಿದು ಅಂದರು: "ಮತ್ತಿನ ಮದ್ದು ಕೊಡ್ತಾರಂತೆ. ಅಂದ್ರೆ ನೀಲಿ ಪರದೆ. ಮೊದಲ ಡಿಸ್ಕು ಅಯಿಪೋಯಿಂದಿ, ಮುಗೀತು. ಆಮೇಲೆ ಎರಡನೇದು ಹಾಕ್ತಾರೆ, ನಾನು ನಮ್ಮೂರ ರಾಮಕೃಷ್ಣಾ ಬೀಚಲ್ಲಿ ನಡೀತಾ ಇರ್ತೀನಿ. ನಡುವೆ ಏನಾಯ್ತು, ನಮಗ್ಯಾಕೆ?" ನಗುತ್ತಿದ್ದರು, ಆದರೆ ಕೈ ತಣ್ಣಗಿತ್ತು. ಆ ಸಿನಿಮಾ ಒಂದೇ ಅವರಿಗೆ ಧೈರ್ಯ ಎಂದು ನನಗೆ ಆಗ ತಿಳಿಯಿತು. ನನಗೆ ಆ ಧೈರ್ಯವೂ ಇರಲಿಲ್ಲ. ಗಾಡಿ ಸೇತುವೆ ದಾಟುವಾಗ ಒಂದೊಂದು ಸಲವೂ ಕಣ್ಣು ಮುಚ್ಚಿದೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಿಗ್ಗೆ ಹತ್ತಿರದ ಮಂಗಳಗಿರಿಗೆ ಹೋದೆವು, ಬೆಟ್ಟದ ಮೇಲಿನವರೆಗೂ ಕಾರಿನಲ್ಲೇ. ಅಲ್ಲಿಯ ಬೆಟ್ಟದ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ಸೇವೆ. ಅರ್ಚಕರು ಸ್ವಾಮಿಯ ಬಾಯಿಗೆ ಪಾನಕ ಹೊಯ್ಯುತ್ತಾರೆ, ಒಳಗೆ ಗುಟುಕರಿಸಿದ ಸದ್ದು ಕೇಳುತ್ತದೆ. ಅರ್ಧವಾಗುತ್ತಲೇ ಸದ್ದು ನಿಲ್ಲುತ್ತದೆ. ಉಳಿದ ಅರ್ಧ ಭಕ್ತರಿಗೆ. ನಮ್ಮ ಅರ್ಧವನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಬಂದೆವು. ಪಿನ್ನಿಗಾರು ಅಂದು ಚೆನ್ನಾಗಿದ್ದರು, ಅಕ್ಕನೊಂದಿಗೆ ಸೀರೆಯ ಅಂಚಿನ ಬಗ್ಗೆ ಜಗಳವನ್ನೂ ಆಡಿದರು.

ಊಟವಾದ ಮೇಲೆ ಅಕ್ಕ ಟಿ.ವಿ. ಹಾಕಿದರು. ಕೇಬಲ್‌ನಲ್ಲಿ ಅದೇ ಸಿನಿಮಾ! ಪಿನ್ನಿಗಾರು ಮಗುವಿನಂತೆ ಚಪ್ಪಾಳೆ ತಟ್ಟಿದರು. "ಚೂಡಕ್ಕಾ, ನೋಡು, ನಮ್ಮ ಸಿನಿಮಾ! ಸ್ವಾಮೀನೇ ಹಾಕಿಸ್ಯಾನೆ." ಮೂವರೂ ಕೂತೆವು. ಕಬ್ಬಿಣದ ಕೋಣೆ ಬಂತು. ನೀರು ಗಲ್ಲಕ್ಕೆ ಬಂತು. ಅವನು ಕಣ್ಣು ಮುಚ್ಚಿದ. ಸಮುದ್ರ ಬರಲಿ ಎಂದು ನಾವಿಬ್ಬರೂ ಕಾಯುತ್ತಿದ್ದೆವು... ಬರಲಿಲ್ಲ. ಒಬ್ಬ ಮುದುಕ ಕಾವಲುಗಾರ ಓಡಿ ಬಂದು ಬೀಗ ತೆಗೆದ. ಅಲ್ಲೇ ಆ ಮುದುಕನಿಗೆ ಗುಂಡು ಬಿತ್ತು. ನಾಯಕ ಅವನನ್ನು ದಾಟಿಕೊಂಡು ಓಡಿದ. ಖಳ ಎಲ್ಲೂ ಹೋಗಿರಲಿಲ್ಲ, ಹುಡುಗಿಯೂ ಇದ್ದಳು. ಸಮುದ್ರ ಮಾತ್ರ ಕೊನೆಯವರೆಗೂ ಬರಲೇ ಇಲ್ಲ.

ಅಂದರೆ ನಮ್ಮ ಬೀದಿಯ ಅಂಗಡಿಯವನು ಯಾವುದೋ ಸಿನಿಮಾದ ಮೊದಲ ಡಿಸ್ಕಿನ ಜೊತೆ ಇನ್ಯಾವುದರದೋ ಎರಡನೆಯದನ್ನು ಇಟ್ಟು ಕೊಟ್ಟಿದ್ದ. ವಿಷಯ ಗೊತ್ತಾಗಿ ಅಕ್ಕ ಬಿದ್ದು ಬಿದ್ದು ನಕ್ಕರು. "ಏಮೇ, ಯಾರದೋ ತಲೆಗೆ ಯಾರದೋ ಕಾಲು ಅಂಟಿಸಿಕೊಂಡು ನೋಡಿದ್ದೀಯಾ? ಅದನ್ನೇ ಎಲ್ಲಕ್ಕಿಂತ ಚಂದ ಅಂತ ಊರಿಗೆಲ್ಲ ಹೇಳಿದ್ದೀಯಾ!"

ಪಿನ್ನಿಗಾರು ನಗಲಿಲ್ಲ. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾನು ಹೋಗಿ ನೋಡಿದರೆ ಆಸ್ಪತ್ರೆಗೆಂದು ಕಟ್ಟಿದ್ದ ಚೀಲದಿಂದ ಸೀರೆಗಳನ್ನು ತೆಗೆದು ಊರಿಂದ ತಂದಿದ್ದ ಪೆಟ್ಟಿಗೆಗೆ ತುಂಬುತ್ತಿದ್ದರು.

"ಪದ, ನಡಿ, ವೈಜಾಗಿಗೆ ಹೋಗೋಣ. ನನಗೆ ಬ್ಯಾಡ ಈ ಆಪರೇಷನ್."

"ಹಂಗನ್ನಬ್ಯಾಡ್ರಿ ಪಿನ್ನಿಗಾರು. ಡಾಕ್ಟರು ಏನಂದಾರ ಗೊತ್ತಲ್ರೀ..."

"ಆ ಮುದುಕ ಬರದೇ ಇದ್ದಿದ್ರೆ? ಹೇಳು. ಅವನಿಗೆ ಆ ದಿನ ಜ್ವರ ಬಂದಿದ್ರೆ? ಬೀಗದ ಕೈ ಮರೆತಿದ್ರೆ? ಅಳಿಯ ತಾನಾಗೇ ಹೊರಗೆ ಬಂದ ಅನ್ಕೊಂಡಿದ್ದೆ ನಾನು." ಉಸಿರು ಸಿಕ್ಕದೆ ಮಂಚದ ಮೇಲೆ ಕೂತರು. ತುಟಿ ನೀಲಿಗಟ್ಟಿತ್ತು. ಊರಿಗೆ ಹೋದರೆ ಇವರು ಉಳಿಯುವುದಿಲ್ಲ ಎಂದು ಆ ತುಟಿಯೇ ಹೇಳುತ್ತಿತ್ತು. ಒಪ್ಪಿಸುವುದು ಹೇಗೆ? ಓದಿದವಳಲ್ಲ, ಮಾತಿನವಳೂ ಅಲ್ಲ. ಅಳು ಬಂದುಬಿಟ್ಟಿತು.

"ನೀನ್ಯಾಕೆ ಅಳ್ತೀಯೇ? ಕುಯ್ಯೋದು ನನ್ನ ಎದೆ."

"ನನಗೂ ಹೆದರಿಕಿ ಆಗ್ತದ್ರಿ. ನಿಮಗಿಂತ ಜಾಸ್ತಿ."

ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಇದ್ದಕ್ಕಿದ್ದಂತೆ, "ನೀನು ಇನ್ನೂ ಆರಿಸಲೇ ಇಲ್ಲ ಕದಾ. ಈಗ ಹೇಳು. ಯಾವುದು ನಿನ್ನ ಸಿನಿಮಾ? ನನ್ನನ್ನ ಮೆಚ್ಚಿಸೋಕೆ ಹೇಳಬೇಡ, ಸ್ವಾಮಿ ಮೇಲೆ ಆಣೆ," ಅಂದರು.

ಪಾನಕದ ಬಾಟಲಿ ಕಿಟಕಿಯಲ್ಲಿತ್ತು. ನಾನು ಅದನ್ನು ನೋಡುತ್ತ ಬಾಯಿಗೆ ಬಂದದ್ದನ್ನು ಹೇಳಿದೆ. "ನಮ್ಮದೇ ರೀ. ಟಿ.ವಿ.ಯಾಗ ಬಂದದ್ದಲ್ಲ, ನಾವಿಬ್ಬರು ಮನ್ಯಾಗ ಕೂತು ನೋಡಿದ್ವಲ್ಲ, ಅದು. ಮುಂಜಾನೆ ಸ್ವಾಮಿ ಅರ್ಧ ಕುಡಿದ, ಅದು ಎಲ್ಲಿಗೆ ಹೋತು ಅಂತ ನಾವು ಕೇಳಿದ್ವೇನ್ರಿ? ನಮ್ಮ ಪಾಲು ನಮಗ ಬಂತು. ಸಿನಿಮಾನೂ ಹಂಗೇ. ನಡುವಿಂದು ಸ್ವಾಮಿ ಇಟ್ಕೊಂಡಾನ. ಮುದುಕನ್ನ ಕಳಿಸ್ತಾನೋ ತಾನೇ ಬರ್ತಾನೋ, ಅದು ಅವನ ಪಾಲಿಂದು. ನಾ ಇಷ್ಟು ದಿನ ಆರಿಸಲಿಲ್ಲ ಯಾಕಂದ್ರ ನೀವು ಆರಿಸಿದ್ದನ್ನೇ ಆರಿಸಿದ್ರ ಆಟ ಆಗೂದಿಲ್ಲ ಅಂತ, ಅಷ್ಟೇ."

ಪಿನ್ನಿಗಾರು ಕೈಚಾಚಿ ಪಾನಕದ ಬಾಟಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ತುಟಿಯಂಚಿನಲ್ಲಿ ನಗು ಬಂತು. "ಸ್ವಾಮಿ ಅರ್ಧ ಸಿನಿಮಾ ಕುಡಿದುಬಿಟ್ಟ ಅಂತೀಯಾ."

"ಹೂಂ ರೀ."

"ಆದ್ರೂ ನನಗೆ ಭಯ ಹೋಗಲಿಲ್ಲ ಅಮ್ಮಾಯಿ."

"ನನಗೂ ಹೋಗಿಲ್ರಿ. ಹೆದರಿಕೊಂಡೇ ಹೋಗೂಣ್ರಿ."

ಸೀರೆಗಳನ್ನು ಇಬ್ಬರೂ ಸೇರಿ ಮತ್ತೆ ಚೀಲಕ್ಕೆ ತುಂಬಿದೆವು.

ಆಪರೇಷನ್ ದಿನ ಅವರನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದ ಮೇಲೆ ನಾನು ಬಾಗಿಲ ಮುಂದಿನ ಬೆಂಚು ಬಿಟ್ಟು ಏಳಲಿಲ್ಲ. ಬಾಯಿಪಾಠವಿದ್ದ ಸ್ತೋತ್ರ ನಡುವೆ ಮರೆತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆ. ಅಷ್ಟು ನಕ್ಕಿದ್ದ ಅಕ್ಕ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಇಬ್ಬರೂ ನೀರು ಸಹ ಕುಡಿಯಲಿಲ್ಲ. ಹೊತ್ತು ಇಳಿದ ಮೇಲೆ ಡಾಕ್ಟರು ಬಂದು ಅಕ್ಕನ ಹತ್ತಿರ ತೆಲುಗಿನಲ್ಲಿ ಏನೋ ಹೇಳಿದರು. ನನಗೆ ಮಾತು ತಿಳಿಯಲಿಲ್ಲ, ಅಕ್ಕ ಕೈಮುಗಿದದ್ದು ತಿಳಿಯಿತು.

ಒಳಗೆ ಬಿಟ್ಟಾಗ ಪಿನ್ನಿಗಾರ ಮೈತುಂಬ ನಳಿಗೆಗಳು. ಮಾತು ಬಂದ ಮೇಲೆ ಮೊದಲು ಆಡಿದ್ದು ದೂರೇ. "ಅಲ್ಲುಡುಗಾರಿಗೆ ಕುಡಿಯೋಕೆ ಏನೇನೋ ಕೊಡ್ತಾರೆ. ನನಗೆ ನೋಡು, ಬಾರ್ಲಿ ನೀರು."

ಆಮೇಲೂ ಅವರು ಎಷ್ಟೋ ವರ್ಷ ಇದ್ದರು. ಗಂಡ ಹಡಗು ಬಿಟ್ಟು ಮನೆಯಲ್ಲೇ ನಿಂತರು. ಹೊಸ ನಟ ಬಂದಾಗ ಒಟ್ಟಿಗೆ ಥಿಯೇಟರಿಗೆ ಹೋದೆವು. "ಈ ಅಳಿಯ ಸ್ವಲ್ಪ ಕೆಲಸ ಮಾಡೋನ ಹಂಗೆ ಕಾಣ್ತಾನೆ," ಅಂದರು. ನನ್ನ ಮಗಳಿಗೆ ಅವರೇ ಎಣ್ಣೆ ಹಚ್ಚಿ ಎರೆದರು. ಅದೆಲ್ಲ ಕೊಟ್ಟ ದೇವರ ಮೇಲೆ ನಾನು ದೂರು ಹೇಳುವಂತಿಲ್ಲ. ನಾವು ದಾವಣಗೆರೆಗೆ ಬಂದ ಮೇಲೆ ಒಂದು ದಿನ ಅಕ್ಕ ಫೋನು ಮಾಡಿದರು. ನಿದ್ದೆಯಲ್ಲೇ ಹೋದರಂತೆ, ಎಲ್ಲ ಮುಗಿದು ವಾರವಾಗಿತ್ತು. ನರಳಲಿಲ್ಲವಲ್ಲ ಎಂದುಕೊಂಡೆ.

ಬರುವ ವಾರ ನನಗೂ ಆಪರೇಷನ್. ಗರ್ಭಕೋಶದ್ದು. ದೊಡ್ಡದಲ್ಲ, ಎಲ್ಲರಿಗೂ ಆಗುವಂಥದ್ದು ಎನ್ನುತ್ತಾರೆ ಡಾಕ್ಟರಮ್ಮ. ಯಜಮಾನರು ರಜೆ ಹಾಕಿದ್ದಾರೆ. ಮಗಳು ದಿನಾ ಧೈರ್ಯ ಹೇಳುತ್ತಾಳೆ, ಅತ್ತಿಗೆ ಫೋನಿನಲ್ಲಿ ಹೇಳುತ್ತಾಳೆ, ಎದುರು ಮನೆಯವರೂ ಹೇಳಿ ಹೋದರು. ಹೆದರಬೇಡ ಎನ್ನುವವರು ಇಷ್ಟು ಜನ ಇರುವುದು ನನ್ನ ಪುಣ್ಯ, ಇಲ್ಲ ಎನ್ನಲಾರೆ. ಎಲ್ಲರಿಗೂ ಹೂಂ ಅನ್ನುತ್ತೇನೆ. ನನ್ನ ಪಕ್ಕ ಕೂತು ನನ್ನಷ್ಟೇ ಹೆದರಿ, ಹೆದರಿದ್ದನ್ನು ಬಾಯಿಬಿಟ್ಟು ಹೇಳುವವರು ಒಬ್ಬರಿದ್ದರು. ಅವರಿಲ್ಲ.