ಬೀಗದ ಕೈ ಯಾರಿಗೆ ಗೊತ್ತಿತ್ತು?

ನಮ್ಮ ಮನೆಗೆ ಕಳ್ಳ ಬಂದಿದ್ದ. ಕತ್ತಲಲ್ಲಿ ಅಲ್ಲ, ಮಟಮಟ ಮಧ್ಯಾಹ್ನ.

ಗೋಡೆಗೆ ಕನ್ನ ಹಾಕಿಲ್ಲ, ಬಾಗಿಲು ಮೀಟಿಲ್ಲ. ಬೀಗದ ಕೈ ತಗೊಂಡು, ನೆಂಟರ ಹಾಗೆ ಬಾಗಿಲು ತೆಗೆದು ಒಳಗೆ ಬಂದಿದ್ದ. ಹೋಗುವಾಗ ಬಾಗಿಲು ಮುಂದಕ್ಕೆ ಎಳೆದುಕೊಂಡೂ ಹೋಗಿದ್ದ. (ಮನೆಯವರಿಗೆ ದಿನಾ ಹೇಳ್ತೀನಿ, ಒಬ್ಬರೂ ಎಳೆಯಲ್ಲ!)

ಪಾಠ ಮುಗಿಸಿ ಸ್ಕೂಲಿನಿಂದ ಬಂದಾಗ ಉದ್ದನಪಲ್ಲಿಯ ನಮ್ಮ ಬೀದಿ ನಿದ್ದೆಗಣ್ಣಲ್ಲಿತ್ತು. ಅರ್ಧ ಊರು ರಾಗಿ ಕೊಯ್ಲಿಗೆ ಹೋಗಿತ್ತು. ಬೀಗ ತೆಗೆದಿತ್ತು; ಮಗಳು ಬಂದಿರಬೇಕು ಅಂತ ಬಾಗಿಲು ತಳ್ಳಿದೆ. ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ಇಳಿದು ತೆರೆದ ಟ್ರಂಕಿನ ಮೇಲೆ ಬಿದ್ದಿತ್ತು. ಅದರೊಳಗೆ ಧೂಳು ಸುಮ್ಮನೆ ತೇಲುತ್ತಿತ್ತು. ನೆಲದ ತುಂಬ ನನ್ನ ಸೀರೆಗಳು.

ನಂಬ್ತೀರಾ? ಮೊದಲು ನನಗಾದದ್ದು ಭಯವಲ್ಲ. ಚೆನ್ನಾಗಿದೆ ಅನ್ನಿಸಿತು. ತಪ್ಪಿ ಬೇರೆ ಯಾರದೋ ಮನೆಗೆ ಬಂದಿದ್ದೇನೆ, ಆ ಮನೆಯಾಕೆ ಸೀರೆಗಳನ್ನು ಬಿಸಿಲಿಗೆ ಹರವಿ ಎಲ್ಲೋ ಹೋಗಿದ್ದಾಳೆ ಅಂದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಆಮೇಲೆ ಎಚ್ಚರವಾಯಿತು. ಟ್ರಾನ್ಸಿಸ್ಟರ್ ಇರಲಿಲ್ಲ. ಮಗಳ ಬೆಳ್ಳಿ ಗೆಜ್ಜೆಯೂ, ನನ್ನ ಮದುವೆಯ ಸೀರೆಯೂ ಹೋಗಿದ್ದವು.

ಯಜಮಾನರು ಹೊಸೂರಿನ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಕಾನ್‌ಸ್ಟೇಬಲ್ ಬಂದು ಬರೆದುಕೊಳ್ಳುತ್ತಿದ್ದರು. "ಸಾವಿ ಎಂಗೆ ಇರುಕ್ಕುನ್ನು ಯಾರುಕ್ಕು ತೆರಿಯುಂ?" ಅಂತ ತಮಿಳಿನಲ್ಲಿ ಕೇಳಿದರು. ಬೀಗದ ಕೈ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು?

ಅದು ಬಾಗಿಲ ಪಕ್ಕದ ದೀಪದ ಗೂಡಿನಲ್ಲಿರುತ್ತೆ ಅಂತ ಪಕ್ಕದ ಮನೆಯ ಪಾಪಕ್ಕನಿಗೆ ಗೊತ್ತಿತ್ತು. ಹೇಳಿಕೊಟ್ಟವಳು ನಾನೇ. ಮೋಡ ಕವಿದರೆ ಅಂಗಳದ ಮೆಣಸಿನಕಾಯಿ ಒಳಗಿಡುವವಳು ಅವಳು. ಮಗಳು ಜ್ವರ ಬಂದು ಮನೆಯಲ್ಲಿದ್ದ ದಿನ ಗಂಜಿ ಕಾಯಿಸಿಕೊಟ್ಟವಳೂ ಅವಳೇ.

"ಪಾಪಕ್ಕಂಗೆ ಗೊತ್ತು" ಅಂದೆ.

ಅಷ್ಟೇ ಅಂದದ್ದು. ಅನುಮಾನ ಇದೆ ಅನ್ನಲಿಲ್ಲ. ಆದರೆ ನಿಮ್ಮ ಹತ್ತಿರ ಯಾಕೆ ಸುಳ್ಳು? ಆ ಹೆಸರು ಬಾಯಿಂದ ಹೊರಡುವಾಗ, 'ಇದ್ದರೂ ಇರಬಹುದು' ಅಂತ ಮನಸ್ಸಿನ ಯಾವುದೋ ಮೂಲೆ ಅಂದಿತ್ತು.

ಕಾನ್‌ಸ್ಟೇಬಲ್ ಅವಳ ಜಗಲಿಯ ಮೇಲೆ ಕೂತು ಅರ್ಧ ಗಂಟೆ ವಿಚಾರಿಸಿದರು. ಒರಟು ಮಾತು ಒಂದೂ ಆಡಲಿಲ್ಲ. ಆಡಬೇಕಿತ್ತೇ? ಕೊಯ್ಲು ಮುಗಿಸಿ ಬಂದವರೆಲ್ಲ ಕುಡುಗೋಲು ಹಿಡಿದೇ ನಿಂತು ನೋಡಿದರು.

ಆಮೇಲಿನ ದಿನಗಳು ನೀರಿನೊಳಗೆ ನಡೆದ ಹಾಗೆ ಕಳೆದವು. ನಮ್ಮ ತಟ್ಟೆ ಲೋಟವೇ ನಮ್ಮದಲ್ಲ ಅನ್ನಿಸುತ್ತಿತ್ತು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಅಕ್ಷರ ಬರೆಯುತ್ತ ನಿಂತರೆ, ಎರಡು ಕೈಗಳು ನನ್ನ ಟ್ರಂಕಿನೊಳಗೆ ಮೆಲ್ಲಗೆ ಆಡುವುದು ಕಾಣುತ್ತಿತ್ತು. ಒಮ್ಮೊಮ್ಮೆ ಆ ಕೈಗಳಲ್ಲಿ ಪಾಪಕ್ಕನ ಹಸಿರು ಗಾಜಿನ ಬಳೆ. ಹೆದರಿ ಕಣ್ಣು ಉಜ್ಜಿಕೊಳ್ಳುತ್ತಿದ್ದೆ.

ಹದಿನೈದು ದಿನಕ್ಕೆ ಸೂಳಗಿರಿಯಲ್ಲಿ ಕಳ್ಳ ಸಿಕ್ಕಿಬಿದ್ದ. ನಮಗ್ಯಾರಿಗೂ ಗುರುತಿಲ್ಲದ ಮನುಷ್ಯ. ಎದುರಿನ ಹುಣಸೆ ಮರದ ಕೆಳಗೆ ಮೂರು ದಿನ, ಬಸ್ ಕಾಯುವವನ ಹಾಗೆ ಕೂತು ನಮ್ಮ ಬೀದಿ ನೋಡಿದ್ದನಂತೆ. ಗೂಡಿಗೆ ಕೈ ಹಾಕುವ ಮುಂಚೆ ನಾನು ದಿನಾ ಆ ಕಡೆ ಈ ಕಡೆ ನೋಡ್ತಿದ್ದೆನಂತೆ. ಅದರಿಂದಲೇ ಅವನಿಗೆ ಗೊತ್ತಾಯಿತಂತೆ! (ನೀವು ಎಲ್ಲಿಡ್ತೀರಿ? ತುಳಸಿ ಕಟ್ಟೆಯ ಹಿಂದೆ? ಬೇಡ, ಹೇಳಬೇಡಿ.)

ಟ್ರಾನ್ಸಿಸ್ಟರ್ ಬಂತು. ಗೆಜ್ಜೆಯೂ ಬಂತು. ಸೀರೆ ಬರಲಿಲ್ಲ.

ಪಾಪಕ್ಕನ ಮನೆಗೆ ಹೋದೆ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಸುಲಿದೆ. "ತಪ್ಪಾಯ್ತು ಕಣಕ್ಕ" ಅಂದೆ.

"ಬುಡವ್ವ. ಅವ್ರು ಕೇಳಿದ್ರು, ನೀನ್ ಯೋಳ್ದೆ" ಅಂದಳು. ಕಾಳಿನಲ್ಲಿ ಕೈಯಾಡಿಸುತ್ತ, ನನ್ನ ಮುಖ ನೋಡದೆ, ಮತ್ತೆ ಹೇಳಿದಳು: "ಆದ್ರೆ ಅವತ್ನಿಂದ ಒಂದೇ ಕನಸು ಬೀಳ್ತೈತೆ. ನಾನೇ ಗೂಡಿಗೆ ಕೈ ಹಾಕ್ತೀನಿ. ನಾನೇ ನಿನ್ ಟ್ರಂಕ್ ತಗೀತೀನಿ. ಸೀರೆ ಮೆತ್ತಗೆ ಕೈಗೆ ತಾಕ್ತೈತೆ. ಎದ್ಮೇಲೂ ಬಿಡಾಕಿಲ್ಲ. ನಾನೇ ತಗಂಡ್ ಬಂದ್ನೇನೋ ಅಂತ ಮನೆಯೆಲ್ಲಾ ಹುಡುಕ್ತೀನಿ ಕಣವ್ವ."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಮನೆಗೆ ನುಗ್ಗಿದವನು ಜೈಲಿನಲ್ಲಿದ್ದಾನೆ. ಅವಳ ನಿದ್ದೆಗೆ ನುಗ್ಗಿದವಳು ಮಾತ್ರ ಈ ವಾರವೂ ಆರಾಮಾಗಿ ಅಂಕಣ ಬರೆಯುತ್ತಿದ್ದಾಳೆ.